ಎರಡನೆಯ ತಟ್ಟೆ

ಎರಡನೆಯ ತಟ್ಟೆಯ ಮುಚ್ಚಳ ತೆಗೆದ ಕೂಡಲೇ ಆವಿ ಎದ್ದು ನನ್ನ ಕನ್ನಡಕಕ್ಕೆ ಹತ್ತಿತು, ಆಲೂಗಡ್ಡೆ, ಬಟಾಣಿ, ಮೀನಿನ ತುಂಡು, ಪಕ್ಕದಲ್ಲಿ ಬೆಣ್ಣೆ ಸವರಿದ ಬ್ರೆಡ್ಡು ಎರಡು ಹೋಳು, ಮೊದಲನೆಯ ತಟ್ಟೆಯಲ್ಲೂ ಅದೇ, ಅಷ್ಟೇ, ಅಡುಗೆಮನೆಯವರ ತಲೆ ತಿಂದು ಸಮಸಮ ಬಡಿಸಿಕೊಂಡು ಬಂದಿದ್ದೇನೆ, ಮೀನಿನ ವಾಸನೆ ಈ ದೇಶಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷವಾದರೂ ಈ ಮೂಗಿಗೆ ಒಗ್ಗಿಲ್ಲ, ಇರಲಿ, ಉಣ್ಣುವವಳು ನಾನಲ್ಲ — ಆವಿ ಆರುತ್ತಿದೆ, ಅದರ ಹಿಂದಿನಿಂದ ಲೀವಮ್ಮನ ಮುಖ ನಿಧಾನವಾಗಿ ಕಾಣಿಸಿಕೊಳ್ಳುತ್ತಿದೆ, ಮೊದಲು ಬಿಳಿ ಕೂದಲು, ಆಮೇಲೆ ಹುಬ್ಬು, ಆಮೇಲೆ ಬಿಗಿದುಕೊಂಡ ಬಾಯಿ. ಲೀವಮ್ಮ ಎಂದರೆ ನಮ್ಮ ಕಡೆಯವರೇನಲ್ಲ, ಗೋಡಲೀವ ಅವರ ಹೆಸರು, ಬೆಲ್ಜಿಯಮ್ಮಿನಲ್ಲಿ ಹುಟ್ಟಿ, ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದು, ಈಸ್ಟ್ ಸೈಡಿನ ಬೆಲ್ಜಿಯನ್ನರ ಬೀದಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿ, ತೊಂಬತ್ತೊಂದನೆಯ ವಯಸ್ಸಿಗೆ ರಾಚೆಸ್ಟರ್ ಹಿಲ್ಸ್‌ನ ಈ ಆರೈಕೆ ಮನೆಗೆ ಬಂದ ಮುದುಕಿ, ಅಮ್ಮ ಎಂದು ಸೇರಿಸಿದ್ದು ನಾನೂ ಡಯಟೀಷಿಯನ್ ಚೇತನಾಳೂ, ನಾವಿಬ್ಬರೇ ಇದ್ದಾಗ, ಹಾಗೆ ಕರೆದರೆ ಮುದುಕಿ ನಮ್ಮ ಬೀದಿಯವಳಾಗುತ್ತಾಳೆ, ಬೈಯಬಹುದು, ಗದರಬಹುದು, ಇನ್ನೊಂದು ತುತ್ತು ಎನ್ನಬಹುದು.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಒಂದು ಗಂಟೆಗೆ ಅವರ ಮಗ ರೋಜರ್ ಬರುತ್ತಾನೆ, ಮುಂದಿನ ಕೋಣೆಯಲ್ಲಿ ಕಾಗದ ಸಿದ್ಧವಾಗಿದೆ, ಹಾಸ್ಪಿಸ್ ಕಾಗದ, ಅದಕ್ಕೆ ಸಹಿ ಬಿದ್ದರೆ ಇನ್ನು ಯಾರೂ ಊಟ ಮಾಡಿ ಎಂದು ಒತ್ತಾಯಿಸುವುದಿಲ್ಲ, ತುಟಿ ಒದ್ದೆ ಮಾಡುತ್ತಾರೆ, ನೋವಿಗೆ ಔಷಧಿ ಕೊಡುತ್ತಾರೆ, ಕಾಯುತ್ತಾರೆ, ಅಷ್ಟೇ — ತಪ್ಪಲ್ಲ, ನಾನೇ ನೂರಾರು ಮನೆಯವರಿಗೆ ಅದನ್ನು ಒಪ್ಪಿಸಿದ್ದೇನೆ, ಆದರೆ ಅದು ಸಾಯುತ್ತಿರುವವರಿಗೆ, ಲೀವಮ್ಮ ಸಾಯುತ್ತಿಲ್ಲ, ಉಣ್ಣುತ್ತಿಲ್ಲ. ನುಂಗುವ ಪರೀಕ್ಷೆ ಸರಿಯಿದೆ, ಹಲ್ಲು ಸರಿಯಿದೆ, ರಕ್ತ ಸರಿಯಿದೆ, ಹೃದಯ ನನ್ನದಕ್ಕಿಂತ ಗಟ್ಟಿ, ನೂರ ಹನ್ನೆರಡು ಪೌಂಡ್ ಇದ್ದವರು ತೊಂಬತ್ತೈದಕ್ಕೆ ಬಂದಿದ್ದಾರೆ, ದಿನಕ್ಕೆ ಎರಡು ಚಮಚ ಸೂಪು, ಅರ್ಧ ಲೋಟ ಹಾಲು, ಮೂಗಿಗೆ ಕೊಳವೆ ಹಾಕುವ ಹಾಗಿಲ್ಲ, ಬೇಡವೆಂದು ಬುದ್ಧಿ ನೆಟ್ಟಗಿದ್ದಾಗಲೇ ಬರೆದಿಟ್ಟಿದ್ದಾರೆ. ನಿನ್ನೆ ರೋಜರ್‌ಗೆ ಫೋನಿನಲ್ಲಿ ಹೇಳಿದೆ, ನನಗೆ ಒಂದು ಊಟ ಕೊಡಿ, ನಾಳೆ ಮಧ್ಯಾಹ್ನದ ಒಂದೇ ಊಟ, ಆಮೇಲೂ ಬಾಯಿ ತೆರೆಯದಿದ್ದರೆ ನಾನೇ ಪೆನ್ನು ಕೊಡುತ್ತೇನೆ. ಅವನು, ನಿಮಗೆ ಅಷ್ಟು ಖಾತ್ರಿಯೇನು ಡಾಕ್, ಎಂದ. ಖಾತ್ರಿ. ಡಾಕ್ಟರ್ ಸುಹಾಸಿನಿ ಹೇಳಿದರೆ ಹೇಳಿದ ಹಾಗೆ, ಈ ಕಟ್ಟಡದಲ್ಲಿ ಯಾರನ್ನು ಬೇಕಾದರೂ ಕೇಳಲಿ.

ಲೀವಮ್ಮ ಮೊದಲನೆಯ ತಟ್ಟೆಯನ್ನು ನೋಡುತ್ತಿಲ್ಲ. ಎರಡನೆಯದನ್ನು ನೋಡುತ್ತಿದ್ದಾರೆ. ನೋಡಲಿ, ಚೆನ್ನಾಗಿ ನೋಡಲಿ, ಅದಕ್ಕೇ ಇಟ್ಟಿರುವುದು. ಕಿಟಕಿಯಾಚೆ ಪಾರ್ಕಿಂಗಿನ ಹಿಮವನ್ನು ಗಾಡಿ ದೂಡುತ್ತಿದೆ, ಫ್ಯಾರನ್‌ಹೀಟಿನ ಹತ್ತೊಂಬತ್ತು ಡಿಗ್ರಿ, ಬೆಳಿಗ್ಗೆ ನಾರ್ತ್‌ವಿಲ್‌ನಿಂದ ಇಲ್ಲಿಗೆ ಒಂದೂವರೆ ಗಂಟೆ ಹಿಡಿಯಿತು, ದಾರಿಯುದ್ದಕ್ಕೂ ಇದೇ ಯೋಚನೆ, ಬ್ರೆಡ್ಡಿನ ಯೋಚನೆ — ಅದೆಲ್ಲ ಶುರುವಾಗಿದ್ದು ಒಂದು ಇಲಿಯಿಂದ, ಕಸ ಗುಡಿಸುವಾಕೆ ಕಿರುಚಿಕೊಂಡು ಓಡಿಬಂದಳು, ಲೀವಮ್ಮನ ಕೋಣೆಯ ಹೀಟರ್ ಹಿಂದೆ ಇಲಿ, ಇಲಿಯ ಹಿಂದೆ ಬ್ರೆಡ್ಡು, ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿಟ್ಟ ಹನ್ನೊಂದು ಪೊಟ್ಟಣ, ಒಂದೊಂದರಲ್ಲೂ ಅರ್ಧ ಹೋಳು. ಮ್ಯಾನೇಜರ್ ಮುಖ ಸಿಂಡರಿಸಿದ, ನಾನು ಫೈಲಿನಲ್ಲಿ ಬರೆದೆ, ಯುದ್ಧಕಾಲದ ಹಸಿವಿನ ನೆನಪು, ಆಹಾರ ಕೂಡಿಡುವ ಅಭ್ಯಾಸ, ಬರೆದು ಸುಮ್ಮನಿರಬಾರದಿತ್ತೇ, ಇಲ್ಲ, ಒಳಗೆ ಹೋಗಿ ಲೀವಮ್ಮನ ಎದುರಿಗೇ ಹನ್ನೊಂದನ್ನೂ ಒಂದೊಂದಾಗಿ ಕಸದ ಬುಟ್ಟಿಗೆ ಹಾಕಿದೆ, ನಗುತ್ತಾ ಹಾಕಿದೆ, ನೋಡಿ, ಯುದ್ಧ ಮುಗಿಯಿತು, ಇದು ಮಿಷಿಗನ್ನು, ಇಲ್ಲಿ ಬ್ರೆಡ್ಡಿಗೆ ಬರವಿಲ್ಲ, ನಾಳೆಯಿಂದ ನಿಮಗೆ ನಾಲ್ಕು ಹೋಳು ಕೊಡಲು ಹೇಳುತ್ತೇನೆ. ಮಾರನೆಯ ದಿನದಿಂದ ಬಾಯಿ ಮುಚ್ಚಿತು. ಬುದ್ಧಿ ಹೇಳಲು ಹೋಗಿ ಬಾಯಿ ಮುಚ್ಚಿಸಿ ಬಂದವಳು ನಾನು, ಇಪ್ಪತ್ತೆರಡು ದಿನವಾಯಿತು, ಇದನ್ನು ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಚೇತನಾಳಿಗೆ ಗೊತ್ತು. ಅವಳು ಹುಬ್ಬಳ್ಳಿಯವಳು, ಒಂದು ಸಲ ಮಾತ್ರ ಅಂದಳು, ಮೇಡಂ, ಆಕಿ ಹಸಿವಿಲ್ಲಂತ ಬಿಟ್ಟಿಲ್ರೀ, ಆಕಿ ಯಾಕೋ ಅಂಜ್ಯಾಳ್ರೀ, ನಿಮ್ಮ ಬಿಳಿ ಕೋಟ್ ಕಂಡ್ರ ಸಣ್ಣಾಗ್ತಾಳ, ತಗದಿಟ್ಟು ಬರ್ರಿ. ಕೋಟು ತೆಗೆದರೆ ನಾನು ಯಾರೋ ಒಬ್ಬ ಸಂದರ್ಶಕಿ ಎಂದುಕೊಂಡಾರು, ಕೋಟು ಇರಲಿ, ಬ್ಯಾಡ್ಜೂ ಇರಲಿ, ಕಾಯಿಲೆಯವರಿಗೆ ಡಾಕ್ಟರು ಡಾಕ್ಟರಂತೆ ಕಾಣಬೇಕು.

ಮೊನ್ನೆ ಅದೇ ಕೋಟಿನ ಜೇಬಿನಲ್ಲಿ ಪೆನ್ನಿಗೆ ಕೈ ಹಾಕಿದರೆ ಪೊಟ್ಟಣವೊಂದು ಸಿಕ್ಕಿತು, ಬುಟ್ಟಿಗೆ ಬಿದ್ದವು ಹತ್ತೇ, ಹನ್ನೊಂದನೆಯದು ಯಾವ ಮಾಯದಲ್ಲೋ ಜೇಬಿಗೆ ಸೇರಿತ್ತು, ಒಣಗಿ ರಸ್ಕಿನಷ್ಟು ಗಟ್ಟಿ, ಬಿಚ್ಚಿ ನೋಡಿದೆ — ಕೈಯಿಂದ ಮುರಿದ ಅಂಚು, ಒಂದು ಕಡೆಯೂ ಹಲ್ಲು ತಾಗಿಲ್ಲ, ಮೇಲಾಗಿ ಅದು ಹೋಳಿನ ದೊಡ್ಡ ಭಾಗ. ತಿಂದು ಮಿಕ್ಕದ್ದಲ್ಲ ಇದು. ತಿನ್ನುವ ಮೊದಲೇ ತೆಗೆದದ್ದು. ಎತ್ತಿಟ್ಟದ್ದು. ಆ ಮಾತು ಕನ್ನಡದಲ್ಲಿ ತಲೆಗೆ ಬಂದ ಮೇಲೆ ಉಳಿದದ್ದೆಲ್ಲ ಸರಸರನೆ ಬಂತು, ಮೈಸೂರಿನ ಮನೆ, ಅಮ್ಮ, ಅಪ್ಪನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಎರಡನೇ ಪಾಳಿ, ಅನ್ನ ಇಳಿಸಿದ ಕೂಡಲೇ ಅಮ್ಮ ಮೊದಲು ಅಪ್ಪನ ಪಾಲನ್ನು ತೆಗೆದು ಮುಚ್ಚಿ ಗೂಡಿನಲ್ಲಿಡುವಳು, ಆಮೇಲೆಯೇ ನಮಗೆ, ಎಲ್ಲರ ಊಟವಾಗಿ ಪಾತ್ರೆಯಲ್ಲಿ ಉಳಿದದ್ದು ಬಂದವನಿಗೆ ಹಾಕುವುದು ಉಳಿಕೆ, ಮೊದಲೇ ತೆಗೆದದ್ದು ಪಾಲು, ಎಂಟು ವರ್ಷದವಳು ನಾನು ಒಂದು ದಿನ ಹಸಿವು ತಾಳದೆ ಆ ಪಾತ್ರೆಯಿಂದ ಎರಡು ತುತ್ತು ತೆಗೆದಾಗ ಬೆನ್ನಿಗೆ ಬಿತ್ತು, ಎತ್ತಿಟ್ಟಿದ್ದಕ್ಕೆ ಕೈ ಹಾಕ್ತಾರೇನೇ ಸುಹಾಸಿ, ಹಸಿವಾದ್ರೆ ನನ್ನ ಪಾಲು ತಿನ್ನು, ಅವರದನ್ನ ಮುಟ್ಟಬೇಡ. ಹಾಗಾದರೆ ಲೀವಮ್ಮ ಕೂಡಿಡುತ್ತಿರಲಿಲ್ಲ, ಯಾರಿಗೋ ಎತ್ತಿಡುತ್ತಿದ್ದರು, ನಾನು ಹನ್ನೊಂದು ದಿನದ ಯಾರದೋ ಊಟವನ್ನು ಅವರ ಕಣ್ಣೆದುರೇ ಬುಟ್ಟಿಗೆ ಸುರಿದೆ. ಅಮ್ಮ ಇದ್ದಿದ್ದರೆ ಈ ವಯಸ್ಸಿನಲ್ಲೂ ಬೆನ್ನಿಗೆ ಬಿಡುತ್ತಿದ್ದಳು, ಬಿಡಬೇಕಾದದ್ದೇ.

ಯಾರಿಗೆ ಎಂದು ನಿನ್ನೆ ರೋಜರ್‌ನನ್ನು ಕೇಳಿದೆ. ಅಮ್ಮ ಯುದ್ಧದ ಮಾತೇ ಆಡುತ್ತಿರಲಿಲ್ಲ ಡಾಕ್, ಎಂದು ಶುರುಮಾಡಿದ, ಕಾರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು, ಮಾತು ಕಡಿಮೆ, ಕೇಳುತ್ತಾ ಹೋದರೆ ಒಂದೊಂದೇ ಬರುತ್ತದೆ — ಜರ್ಮನ್ನರು ನುಗ್ಗಿದಾಗ ಅಮ್ಮನಿಗೆ ಆರು ವರ್ಷವಂತೆ, ಮೇ ತಿಂಗಳು, ತಳ್ಳುಗಾಡಿಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅಮ್ಮ, ರಸ್ತೆ ತುಂಬ ಜನ, ಫ್ರಾನ್ಸಿನ ಕಡೆ ಹೊರಟವರು ಅರ್ಧ ದಾರಿಯಿಂದ ವಾಪಸು ಬಂದರು, ಬಂದರೆ ಊರ ಬಾವುಟವೇ ಬೇರೆ, ಹದಿನೆಂಟು ದಿನದಲ್ಲಿ ದೇಶ ಮುಗಿದಿತ್ತು, ಆಮೇಲೆ ನಾಲ್ಕು ವರ್ಷ ರೇಷನ್ ಚೀಟಿಯ ಬ್ರೆಡ್ಡು, ತಲೆಗೆ ದಿನಕ್ಕೆ ಕಾಲು ಕೇಜಿಗೂ ಕಡಿಮೆ, ಬೂದು ಬಣ್ಣದ್ದು, ಹಲ್ಲಿಗೆ ಅಂಟುತ್ತಿತ್ತಂತೆ. ಮತ್ತೆ? ಮತ್ತೆ, ಅಟ್ಟದ ಮೇಲೆ ಒಬ್ಬ ಇದ್ದ. ಯಾರು? ಹೆಸರು ಹೇಳಲಿಲ್ಲ, ಜರ್ಮನಿಯ ಕಾರ್ಖಾನೆಗೆ ಹಿಡಿದೊಯ್ಯುವವರಿಂದ ತಪ್ಪಿಸಿಕೊಂಡವನೋ ಏನೋ, ಅವನಿಗೆ ಚೀಟಿಯಿಲ್ಲ, ಅಮ್ಮ ತನ್ನ ಬ್ರೆಡ್ಡಿನಲ್ಲಿ ಅರ್ಧ ಅವನಿಗೆ ಕೊಡುತ್ತಿದ್ದಳು, ಅಷ್ಟು ಹೇಳಿ ನಿಲ್ಲಿಸುತ್ತಿದ್ದಳು. ಸಿಪಾಯಿಗಳು ಮನೆಗೆ ಬರುತ್ತಿದ್ದರೇ? ಬರುತ್ತಿದ್ದರು, ಯಾವಾಗಲೂ ಊಟದ ಹೊತ್ತಿಗೇ ಬರುತ್ತಿದ್ದರಂತೆ. ಊಟದ ಹೊತ್ತಿಗೆ! ಎಂಥ ಜನ, ಎಂದುಕೊಂಡೆ, ನಮ್ಮಲ್ಲಾದರೆ ಶತ್ರು ಬಂದರೂ ಊಟದ ಹೊತ್ತಿಗೆ ಬಂದರೆ ಒಂದು ಎಲೆ ಹಾಕುತ್ತಾರೆ, ಅದು ಬೇರೆ ಮಾತು, ನನಗೆ ಬೇಕಾದದ್ದು ಸಿಕ್ಕಿತ್ತು, ಅಟ್ಟದ ಮೇಲೆ ಒಬ್ಬನಿದ್ದಾನೆ, ಅವನಿಗೆ ಊಟವಾಗದೆ ಲೀವಮ್ಮ ಉಣ್ಣುವುದಿಲ್ಲ. ಇನ್ನೇನು ಬೇಕು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ.

ಹನ್ನೆರಡೂ ಕಾಲು. ಲೀವಮ್ಮನ ಕಣ್ಣು ಎರಡನೆಯ ತಟ್ಟೆಯಿಂದ ನನ್ನ ಕೈಗೆ ಬಂದಿದೆ, ಕೈಯಲ್ಲಿ ಊಟದ ಹಾಳೆ, ಯಾರು ಎಷ್ಟು ಉಂಡರೆಂದು ಬರೆಯುವ ಹಾಳೆ, ಪೆನ್ನು, ಮತ್ತೆ ತಟ್ಟೆಗೆ ಹೋಯಿತು, ಮತ್ತೆ ಬಾಗಿಲಿಗೆ. ಬಾಗಿಲ ಹತ್ತಿರ ಚೇತನಾ ನಿಂತಿದ್ದಾಳೆ. ಅವಸರವಿಲ್ಲ ಲೀವಮ್ಮ, ನಾನು ಕಾಯುತ್ತೇನೆ, ನನ್ನ ಅಮ್ಮನಿಗೂ ಹೀಗೇ ಕಾದಿದ್ದೆ — ಅಪ್ಪ ತೀರಿಕೊಂಡ ವರ್ಷ, ನಾನು ಇಲ್ಲಿಂದ ಎರಡು ವಾರದ ರಜೆ ಹಾಕಿ ಓಡಿದ್ದೆ, ಅಮ್ಮ ಅನ್ನ ಮುಟ್ಟಲಿಲ್ಲ, ಚಿಕ್ಕಮ್ಮಂದಿರು ಅತ್ತು ಕರೆದು ಕೈಮುಗಿದು ನೋಡಿದರು, ಮೂರನೆಯ ದಿನ ನಾನು ಯಾರನ್ನೂ ಕೇಳದೆ ಅಪ್ಪನ ತಟ್ಟೆ ತಂದು ಅಮ್ಮನ ಪಕ್ಕದಲ್ಲಿಟ್ಟು ಅದಕ್ಕೆ ಮೊದಲು ಬಡಿಸಿದೆ, ಅನ್ನ, ತೊವ್ವೆ, ಮೇಲೆ ತುಪ್ಪ, ಎಲ್ಲರೂ ಹೌಹಾರಿದರು, ಅಮ್ಮ ಮಾತ್ರ ಅದನ್ನು ನೋಡಿದಳು, ತುಂಬ ಹೊತ್ತು ನೋಡಿದಳು, ಆಮೇಲೆ ತನ್ನ ತಟ್ಟೆಗೆ ಕೈ ಹಾಕಿದಳು. ಅಷ್ಟೇ ಬೇಕಾಗಿದ್ದದ್ದು, ಅವರಿಗೆ ಬಡಿಸಿದ್ದಾಯಿತು, ಇನ್ನು ನಾನು ಉಣ್ಣಬಹುದು. ಇದು ಯಾವ ಮೆಡಿಕಲ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ನಿನ್ನೆ ರಾತ್ರಿ ಗಂಡ ಮಾಧವನಿಗೆ ಈ ಉಪಾಯ ಹೇಳಿದರೆ, ನೀನು ಬಿಡು, ಸತ್ತವರಿಗೂ ಊಟ ಹಾಕಿ ಎಬ್ಬಿಸೋಳು ಅಂತ ನಕ್ಕ, ಮಗಳು ನಿಹಾರಿಕಾ ಫೋನಿನಿಂದ ತಲೆ ಎತ್ತದೆ, ಅಮ್ಮ, ಯೂ ಥಿಂಕ್ ಎವ್ರಿಬಡಿ ಈಸ್ ಅಜ್ಜಿ, ಅಂದಳು. ಹೌದು ಕಣೇ, ಅಂದುಕೊಳ್ಳುತ್ತೇನೆ, ಹಸಿವು ಎಲ್ಲ ದೇಶದಲ್ಲೂ ಒಂದೇ, ಎತ್ತಿಡುವ ಕೈಯೂ ಒಂದೇ, ಮೈಸೂರಾದರೇನು ಬೆಲ್ಜಿಯಮ್ಮಾದರೇನು.

ಒಂದು ಮಾತ್ರ ಉಳಿದಿದೆ, ಸಣ್ಣದು, ಆ ಮೂರರ ಲೆಕ್ಕ. ಲೀವಮ್ಮ ಬಂದ ಹೊಸದರಲ್ಲಿ ನೆನಪಿನ ಪರೀಕ್ಷೆ ಮಾಡಿದ್ದೆ, ಇದು ಯಾವ ವರ್ಷ, ಗೊತ್ತಿಲ್ಲ, ಯಾವ ಊರು, ಗೊತ್ತಿಲ್ಲ, ನಿಮಗೆ ಮಕ್ಕಳೆಷ್ಟು, ಮೂರು. ಒಬ್ಬನೇ ಮಗ, ಮೂರು ಎಂದರು, ಸೊನ್ನೆ ಹಾಕಿದೆ. ಈ ಕೋಣೆಯಲ್ಲಿ ಎಷ್ಟು ಕುರ್ಚಿ, ಮೂರು. ಇದ್ದದ್ದು ಎರಡು, ಸೊನ್ನೆ. ಕೈಯಲ್ಲಿ ಹಾಳೆ ಹಿಡಿದು ನಾನು ಯಾವ ಪ್ರಶ್ನೆ ಕೇಳಿದರೂ, ಎಷ್ಟು ಎನ್ನುವುದು ಬಾಯಿಂದ ಬೀಳುವ ಮೊದಲೇ ಮೂರು, ಮೂರೇ ಜನ, ಒಳ್ಳೆ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಹೇಳುತ್ತಿದ್ದರು. ಅಪ್ಪ, ಅಮ್ಮ, ಒಬ್ಬಳೇ ಮಗಳು, ಮೂರು, ಬಾಲ್ಯದ ಮನೆಯ ನೆನಪು ಎಂದು ಬದಿಯಲ್ಲಿ ಬರೆದುಕೊಂಡೆ. ಈಗಲೂ ಹಾಗೇ ಕುಳಿತಿದ್ದಾರೆ, ಬೆನ್ನು ನೆಟ್ಟಗೆ.

ಲೀವಮ್ಮನ ಕೈ ಎದ್ದಿತು. ಚೇತನಾ ನನ್ನ ಕಡೆ ನೋಡಿದಳು, ನಾನು ಕಣ್ಣಲ್ಲೇ ಸುಮ್ಮನಿರು ಎಂದೆ, ಕೈ ಮೊದಲನೆಯ ತಟ್ಟೆಯನ್ನು ದಾಟಿ ಎರಡನೆಯದಕ್ಕೆ ಹೋಯಿತು, ನನಗೆ ಗೊತ್ತಿತ್ತು, ಗೊತ್ತಿತ್ತು, ಅವನಿಗೆ ಸರಿಯಾಗಿ ಬಡಿಸಿದ್ದೇವೆಯೋ ಇಲ್ಲವೋ ನೋಡುತ್ತಾರೆ — ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಅದರಲ್ಲಿದ್ದ ಬ್ರೆಡ್ಡು ಎತ್ತಿ ಮೊದಲನೆಯ ತಟ್ಟೆಗೆ, ಮೀನು ಎತ್ತಿ ಮೊದಲನೆಯ ತಟ್ಟೆಗೆ, ಆಲೂಗಡ್ಡೆ, ಬಟಾಣಿ, ಎಲ್ಲವನ್ನೂ ಕೈಯಲ್ಲೇ ಬಳಿದು ಒಟ್ಟು ಮಾಡಿದರು, ಒಂದೇ ತಟ್ಟೆಯಲ್ಲಿ ಇಬ್ಬರೂ, ಅಯ್ಯೋ ಲೀವಮ್ಮ, ಜೊತೆಯಲ್ಲಿ ಉಣ್ಣುತ್ತೀರಾ ಅವನ ಜೊತೆ, ಉಣ್ಣಿ, ಅದೂ ಸರಿ, ನನ್ನ ಕಣ್ಣು ತುಂಬಿತು, ನಾನು ಅಳುವವಳಲ್ಲ. ತಿನ್ನುತ್ತಿದ್ದಾರೆ. ಬ್ರೆಡ್ಡು ಬಾಯಿಗೆ ಹೋಯಿತು, ಇಪ್ಪತ್ತೆರಡು ದಿನದ ಮೇಲೆ, ಮುರಿಯಲಿಲ್ಲ, ಇಡಿಯ ಹೋಳು, ಅದರ ಹಿಂದೆಯೇ ಇನ್ನೊಂದು, ಮೇಡಂ ಉಣ್ಣಾಕತ್ತಾರ್ರೀ, ಚೇತನಾ ಸೆರಗಿಲ್ಲದಿದ್ದರೂ ಸೆರಗು ಹಿಡಿದವಳಂತೆ ಬಾಯಿಗೆ ಕೈ ಒತ್ತಿಕೊಂಡಳು, ಉಣ್ಣಾಕತ್ತಾರ್ರೀ ಮೇಡಂ, ನಾ ರೋಜರ್‌ಗೆ ಹೇಳ್ಲೇನ್ರೀ. ಇರು, ಇರು, ಹೇಳುವುದಿದ್ದರೆ ನಾನೇ ಹೇಳುತ್ತೇನೆ, ಹಾಳೆಯ ಮೇಲೆ ಪೆನ್ನು ಇಟ್ಟೆ, ಐವತ್ತು ಪರ್ಸೆಂಟ್, ಎಪ್ಪತ್ತು, ಆದರೆ ಇಷ್ಟು ವೇಗ ಬೇಡ, ಇಷ್ಟು ದಿನ ಖಾಲಿಯಿದ್ದ ಹೊಟ್ಟೆ, ಗಂಟಲಿಗೆ ಸಿಕ್ಕೀತು, ನಾನು ಬಗ್ಗಿ, ನಿಧಾನ, ನಿಧಾನವಾಗಿ ತಿನ್ನಿ, ಎಂದೆ. ಲೀವಮ್ಮ ನನ್ನ ದನಿಗೆ ಬೆಚ್ಚಿದರು. ಕೆನ್ನೆ ಎರಡೂ ಕಡೆ ಉಬ್ಬಿವೆ, ಅಗಿಯುತ್ತಿಲ್ಲ, ನುಂಗುತ್ತಿದ್ದಾರೆ, ಕಣ್ಣಿನಿಂದ ನೀರು ಇಳಿಯುತ್ತಿದೆ, ಇಳಿದು ಬಾಯಿಗೇ ಹೋಗುತ್ತಿದೆ, ಒಂದು ಕೈ ತಿನ್ನುತ್ತಿದೆ, ಇನ್ನೊಂದು ಕೈ — ಇನ್ನೊಂದು ಕೈ ಏನು ಮಾಡುತ್ತಿದೆ, ಸ್ವೆಟರಿನ ತೋಳನ್ನು ಬೆರಳಿಗೆ ಎಳೆದುಕೊಂಡು ಎರಡನೆಯ ತಟ್ಟೆಯನ್ನು ಒರೆಸುತ್ತಿದೆ, ಬೆಣ್ಣೆಯ ಜಿಡ್ಡು, ಬಟಾಣಿಯ ಹಸಿರು, ಅಂಚು, ಅಡಿ, ಉಂಡ ಗುರುತು ಒಂದೂ ಉಳಿಯದ ಹಾಗೆ.

ಒರೆಸಿದ ತಟ್ಟೆಯನ್ನು ಮಡಿಲ ಕಂಬಳಿಯ ಕೆಳಗೆ ಜಾರಿಸಿದರು. ಬೆನ್ನು ನೆಟ್ಟಗೆ ಮಾಡಿದರು. ನನ್ನ ಮುಖ ನೋಡಲಿಲ್ಲ, ಕೋಟಿನ ಗುಂಡಿ ನೋಡಿದರು, ಬ್ಯಾಡ್ಜು ನೋಡಿದರು, ಬಾಯಲ್ಲಿ ಬ್ರೆಡ್ಡು ಇರುವಾಗಲೇ ಮಾತಾಡಿದರು, ತೊಂಬತ್ತೊಂದು ವರ್ಷದ ಗಂಟಲಿನಲ್ಲಿ ಎಂಟು ವರ್ಷದ ಹುಡುಗಿಯ ದನಿ, ಮೂರು ಜನ ಸರ್, ನಾವು ಮೂರೇ ಜನ, ಎರಡೂ ತಟ್ಟೆ ನನ್ನದೇ ಸರ್, ನಾನು ಹೊಟ್ಟೆಬಾಕಿ, ಅಮ್ಮನನ್ನು ಕೇಳಿ, ಮೇಲೆ ಯಾರೂ ಇಲ್ಲ. ಸರ್. ನನ್ನನ್ನೇ ಸರ್ ಎಂದದ್ದು. ಸಿಪಾಯಿಗಳು ಊಟದ ಹೊತ್ತಿಗೇ ಬರುತ್ತಿದ್ದರಂತೆ, ಏಕೆ ಬರುತ್ತಿದ್ದರು, ಉಣ್ಣಲಿಕ್ಕಲ್ಲ ಸುಹಾಸಿನಿ, ತಟ್ಟೆ ಎಣಿಸಲಿಕ್ಕೆ, ಮನುಷ್ಯನನ್ನು ಅಟ್ಟಕ್ಕೆ ಹತ್ತಿಸಬಹುದು, ಊಟದ ಹೊತ್ತಿಗೆ ತಟ್ಟೆಯನ್ನು ಎಲ್ಲಿಗೆ ಹತ್ತಿಸುವುದು, ಅದಕ್ಕೇ ಆ ಮನೆಯಲ್ಲಿ ಅವನಿಗೆ ತಟ್ಟೆಯೇ ಇರಲಿಲ್ಲ, ಬಚ್ಚಿಟ್ಟ ಅರ್ಧ ಹೋಳು ಇತ್ತು, ಇಲ್ಲಿಯೂ ಅದೇ, ನ್ಯಾಪ್‌ಕಿನ್ನಿನಲ್ಲಿ ಸುತ್ತಿ, ಹೀಟರಿನ ಹಿಂದೆ, ಯಾರಿಗೂ ಕಾಣದ ಹಾಗೆ, ನಾನು ಅದನ್ನು ಬುಟ್ಟಿಗೆ ಸುರಿದು ಅವನ ಹೆಸರಿನಲ್ಲಿ ತಟ್ಟೆ ತಂದು ನಡುಮೇಜಿನ ಮೇಲೆ ಇಟ್ಟೆ, ಹಗಲು ಬೆಳಕಿನಲ್ಲಿ, ಕೈಯಲ್ಲಿ ಹಾಳೆ ಹಿಡಿದು, ಎದುರಿಗೆ ನಿಂತೆ. ಅಮ್ಮ, ಅಪ್ಪನ ಪಾಲಿಡುತ್ತಿದ್ದ ನಮ್ಮ ಗೂಡಿಗೆ ಬಾಗಿಲಿರಲಿಲ್ಲ, ಬೇಕಾಗಿರಲಿಲ್ಲ.

ಮೇಡಂ, ನೂರಕ್ಕ ನೂರು ಉಂಡಾರ್ರೀ, ಚೇತನಾ ನಗುತ್ತಾ ಅಳುತ್ತಾ ಹತ್ತಿರ ಬಂದಿದ್ದಾಳೆ, ಅವಳಿಗೆ ಆ ಸಣ್ಣ ದನಿ ಕೇಳಿಸಿಲ್ಲ, ಬಾಗಿಲಾಚೆ ರೋಜರ್‌ನ ಬೂಟು, ಬೇಗ ಬಂದುಬಿಟ್ಟಿದ್ದಾನೆ, ಹಿಮ ಕೊಡವುತ್ತಿದ್ದಾನೆ, ಕಾಗದಕ್ಕೆ ಇನ್ನು ಅವನು ಸಹಿ ಹಾಕುವುದಿಲ್ಲ, ನಾನು ಗೆದ್ದೆ, ಇದೇ ಔಷಧಿ, ದಿನಕ್ಕೆ ಮೂರು ಹೊತ್ತು ಎರಡು ತಟ್ಟೆ ಇಟ್ಟರೆ ಮೂರು ಹೊತ್ತೂ ಉಣ್ಣುತ್ತಾರೆ, ತೂಕ ಏರುತ್ತದೆ, ತೊಂಬತ್ತೆಂಟು, ನೂರು, ನೂರ ಹನ್ನೆರಡು, ಮೂರು ಹೊತ್ತೂ ಸಿಪಾಯಿ ಬರುತ್ತಾನೆ — ಮೇಡಂ, ಸಂಜೀ ಊಟಕ್ಕೂ ಎರಡು ತಾಟು ಅಂತ ಆರ್ಡರ್ ಬರೀಲೇನ್ರಿ? ಬರೆಯಬೇಡ ಎಂದರೆ ಹಸಿವು, ಬರೆ ಎಂದರೆ ಇದು, ಹೇಳು ಸುಹಾಸಿನಿ, ನೀನು ಹೇಳಿದರೆ ಹೇಳಿದ ಹಾಗಲ್ಲವೇ, ಬರೀಲೇನ್ರಿ ಮೇಡಂ, ಕಂಬಳಿ ಒಂದು ಕಡೆ ಸರಿದಿದೆ, ಅದರಡಿಯಿಂದ ಒಂದು ಅಂಚು ಕಾಣುತ್ತಿದೆ, ಬಿಳಿಯದು, ಒರೆಸಿದ್ದು, ಅವರ ಕೈ ಅದನ್ನು ಮುಚ್ಚಲು ಹುಡುಕುತ್ತಿದೆ, ನಾನು ನೋಡಬಾರದು, ನೋಡುತ್ತಿದ್ದೇನೆ, ಒರೆಸಿದ ತಟ್ಟೆ, ಆ ಎರಡನೆಯ ತಟ್ಟೆ.